ಸ್ತಮೇನಾ ಅಜ್ಜಿಯ ಹಿತ್ತಲಿನ ಬೀಗ

ಊರವರು ನೆವೆಂಕಾಳಿಗೆ ಇಟ್ಟ ಹೆಸರು ‘ಮೂಸೋ ಅಕ್ಕ’. ಊರಾಚೆಯ ಗೋದಾಮಿನಲ್ಲಿ ನೆಲದಡಿ ಹೂತಿದ್ದ ಟ್ಯಾಂಕುಗಳು ತುಕ್ಕು ಹಿಡಿದು, ಡೀಸೆಲ್ ಸೋರಿ ಬಾವಿಗಳಿಗೆ ಸೇರಿದ ಮೇಲೆ ಬಂದವಳು ಅವಳು. ಬಾವಿಗಳಿಗೆ ಬಗ್ಗಿ ಮೂಸಿ ನೋಡಿ, ಅಲ್ಲಲ್ಲಿ ನೆಲಕ್ಕಿಳಿಸಿದ ಸಣ್ಣ ಕೊಳವೆಗಳಿಂದ ನೀರೆತ್ತಿ, ಬಾಟಲಿಗೆ ತುಂಬಿ, ಪಟ್ಟಣದ ಪ್ರಯೋಗಾಲಯಕ್ಕೆ ಒಯ್ಯುವುದು ಅವಳ ಕೆಲಸ. ಪ್ರತಿ ಸಲ ‘ಕುಡಿಯಬೇಡಿ’ ಎಂಬ ಮಾತನ್ನೇ ಹೊತ್ತು ತರುವವಳನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ಕರೆದು ಒಲೆಯ ಮುಂದೆ ಕೂರಿಸಿ ಕಾಫಿ ಕೊಟ್ಟವಳು ಸ್ತಮೇನಾ ಅಜ್ಜಿ ಒಬ್ಬಳೇ. ಆ ಋಣ ನೆವೆಂಕಾಳ ಮನಸ್ಸಿನಲ್ಲಿ ಹಾಗೇ ಇತ್ತು.

ಕೆಲಸದ ಮೇಲೆ ಹೊರಟವರ ಹಿಂದೆ ನೀರು ಚೆಲ್ಲುವುದು ಆ ಸರ್ಬಿಯಾದ ಬಯಲಿನ ಪದ್ಧತಿ. ಹೋದ ಕೆಲಸ ನೀರು ಹರಿದಷ್ಟು ಸಲೀಸಾಗಲಿ ಅಂತ. ಅಜ್ಜಿ ಮಾತ್ರ ಬರಿಗೈಯಲ್ಲಿ ಗೇಟಿನ ಬಳಿ ನಿಲ್ಲುತ್ತಿದ್ದಳು.

“ಟ್ಯಾಂಕರ್ ನೀರು ಯಾವೂರದ್ದೋ ಏನೋ. ನಮ್ ಯಜಮಾನ್ರು ತೋಡಿದ ಬಾವಿ ಕೆಟ್ಟು ಕೂತಿದೆ. ಕೆಟ್ಟ ನೀರು ಚೆಲ್ಲಿ ನಿನ್ನ ಕಳ್ಸಲಾ? ನಾನು ಸಾಯೋದ್ರೊಳ್ಗೆ ಅದನ್ನ ಸರಿ ಮಾಡ್ಸು ಮಗಳೇ, ಆಮೇಲೆ ನೋಡು.”

ಕೊನೆಗೊಂದು ವರ್ಷ ಕೊಳವೆಗಳೆಲ್ಲ ಒಂದೊಂದಾಗಿ ಶುದ್ಧವಾಗುತ್ತ ಬಂದವು. ಚಳಿಗಾಲದ ಪರೀಕ್ಷೆಯೊಂದು ದಾಟಿದರೆ ಬಾವಿಗಳಿಗೆ ಬಿಡುಗಡೆ. ಆದರೆ ಅಜ್ಜಿಯ ಹಿತ್ತಲಿನ ಕೊಳವೆಯ ನೀರಿನಲ್ಲಿ ಮಾತ್ರ ಎಣ್ಣೆ ಸಿಕ್ಕಿತು. ಅದೂ ಡೀಸೆಲ್ ಅಲ್ಲ, ಸೀಮೆಎಣ್ಣೆ!

ನೆವೆಂಕಾ ಓಡಿ ಬಂದಳು. ಕೊಳವೆಯ ಮುಚ್ಚಳಕ್ಕೆ ಹಾಕಿದ್ದ ಬೀಗ, ಕೀಲಿ ತಾಗಿದ್ದೇ ತೆರೆದುಕೊಂಡಿತು. ಪ್ರತಿ ಚಳಿಗಾಲ ಅದು ಹೆಪ್ಪುಗಟ್ಟಿ ಅವಳ ಬೆರಳು ಸುಲಿಯುತ್ತಿತ್ತು; ನೀರೆತ್ತಿದ ದಿನದ ಅವಸರದಲ್ಲಿ ಈ ಬದಲಾವಣೆ ಅವಳ ಗಮನಕ್ಕೆ ಬಂದಿರಲಿಲ್ಲ. ಬೀಗ ಮುಟ್ಟಿದ ಬೆರಳನ್ನು ಮೂಸಿದಳು.

“ಅಜ್ಜೀ, ಇದಕ್ಕೇನಾದ್ರೂ ಹಾಕಿದ್ಯಾ?”

“ಹ್ಞೂಂ! ಲಾಟೀನಿನ ಎಣ್ಣೆ ಚೆನ್ನಾಗಿ ಸುರಿದೆ. ಹೋದ ವರ್ಷ ನಿನ್ ಬೆರಳಲ್ಲಿ ರಕ್ತ ಬಂತಲ್ಲ, ನೋಡೋಕಾಗ್ಲಿಲ್ಲ ಕಣೇ.”

ನೆವೆಂಕಾ ಬೈಯಲಿಲ್ಲ. ಮುಚ್ಚಳದ ಬಿರುಕಿನಿಂದ ಎಣ್ಣೆ ಒಳಗಿಳಿದದ್ದನ್ನು ಮೆಲ್ಲಗೆ ತಿಳಿಸಿದಳು. ಅಜ್ಜಿ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತಳು.

“ಉಪಕಾರ ಮಾಡೋಕೆ ಹೋಗಿ ನನ್ ಬಾವಿಗೆ ನಾನೇ ವಿಷ ಹಾಕಿದ್ನಾ?”

“ಬಾವಿಗಲ್ಲಜ್ಜೀ, ಕೊಳವೆಗೆ. ತೊಳೀತೀನಿ.”

ಸಿಕ್ಕ ಎಣ್ಣೆಯನ್ನು ಮುಚ್ಚಿಡುವ ಜಾತಿ ನೆವೆಂಕಾಳದ್ದಲ್ಲ. ಇದ್ದದ್ದನ್ನು ಇದ್ದಂತೆ ಮೇಲಿನವರಿಗೆ ಹೇಳಿದಳು. ಮುಚ್ಚಳ ಬದಲಾಯಿತು, ಕೊಳವೆ ತೊಳೆದದ್ದಾಯಿತು. ಆದರೆ ಮರುಪರೀಕ್ಷೆಗೆ ಬೇಸಿಗೆ ಕಳೆಯುವವರೆಗೆ ಕಾಯಲೇಬೇಕಾಯಿತು. ನಡುವೆ ಅಜ್ಜಿ ಹಾಸಿಗೆ ಹಿಡಿದಾಗ ನೆವೆಂಕಾ ತನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತಳು.

ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಫಲಿತಾಂಶ ಬಂತು: ನೀರು ಶುದ್ಧ. ಕೋಲೂರಿಕೊಂಡು ಎದ್ದು ಬಂದ ಅಜ್ಜಿ ಕೊಳವೆಯತ್ತ ನೋಡಿದಳು.

“ಈಗಲಾದ್ರೂ ಬೀಗಕ್ಕೆ ಎಣ್ಣೆ ಹಾಕ್ಲಾ?”

“ನಿನ್ ದಮ್ಮಯ್ಯ, ಬೇಡ! ತುಕ್ಕು ಹಿಡೀಲಿ ಬಿಡು. ನನಗಿನ್ನು ಇಲ್ಲಿ ಕೆಲಸ ಇಲ್ಲ.”

ಹೇಳಿದ ಮೇಲೆಯೇ ಆ ಮಾತಿನ ಅರ್ಥ ಇಬ್ಬರಿಗೂ ಹೊಳೆದದ್ದು. ನೆವೆಂಕಾ ಬೇಗ ಬೇಗ ಸಾಮಾನು ಎತ್ತಿಕೊಂಡು ಗೇಟು ದಾಟಿದಳು. ಹಿಂದೆ ಬಾವಿಯ ರಾಟೆಯ ಸದ್ದಾಯಿತು, ಅವಳು ನಿಂತಳು. ಒಂದು ಚೊಂಬು ಸಾಕಿತ್ತು. ಅಜ್ಜಿ ಇಡೀ ಬಕೆಟ್ಟನ್ನೇ ಸುರಿದಳು. ನೆವೆಂಕಾಳ ಬೂಟಿನೊಳಗೆಲ್ಲ ನೀರು ತುಂಬಿತು.

“ಸುಖವಾಗಿ ಹೋಗು ಮಗಳೇ. ನಮ್ ಬಾವೀದೇ ನೀರು!”

ದಾರಿಯುದ್ದಕ್ಕೂ ನೆವೆಂಕಾ ಆ ಬೂಟು ಬಿಚ್ಚಲಿಲ್ಲ.