ಹಿಂದೆ ಬರುತ್ತಿದ್ದ ಅಕ್ಕೋರು

ಮುತ್ತವ್ವನಿಗೆ ಒಬ್ಬಳೇ ಮನೆಗೆ ಹೋಗುವುದನ್ನು ಕಲಿಸಲು ಅನುರಾಧಾಗೆ ಎರಡು ವರ್ಷ ಹಿಡಿಯಿತು.

ಅನುರಾಧಾ ಹುನ್ನೂರಿನವಳು. ೧೯೯೭ರಲ್ಲಿ ಬೀಳಗಿಗೆ ಬಂದು, ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳ ಸಣ್ಣ ಶಾಲೆಯಲ್ಲಿ ಸೇರಿದಳು. ಮಕ್ಕಳಿಗೆ ಅವಳು ಅಕ್ಕೋರು. ಹದಿನೆಂಟು ತುಂಬಿ ಶಾಲೆ ಬಿಟ್ಟ ಮೇಲೆ ಇವರು ಮನೆಯ ಮೂಲೆ ಹಿಡಿಯಬಾರದು ಎಂಬುದೊಂದೇ ಅವಳ ಚಿಂತೆ. ಹಾಗೆ ಶಾಲೆ ಮುಗಿಸಿದ ಮುತ್ತವ್ವನನ್ನು ಬೀಳಗಿಯ ಇಂದ್ರವ್ವನ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಹಚ್ಚಿದಳು.

“ನಮ್ಮ ಸೊಸಿ ರೊಟ್ಟಿಗಿಂತ ಇಕಿ ರೊಟ್ಟಿ ದುಂಡಗದಾವ್ರಿ,” ಎಂದಿದ್ದಳು ಇಂದ್ರವ್ವ. “ಸೊಸಿ ಮುಂದ ಹೇಳಬ್ಯಾಡ್ರಿ ಮತ್ತ, ಬಡಿಯೂದ ಬಿಟ್ಟಾಳು.”

ಉಳಿದದ್ದು ದಾರಿ. ಮುತ್ತವ್ವನ ಊರು ನದಿಯ ದಂಡೆಯಲ್ಲಿತ್ತು. ಹುಣಸೆಮರದ ಹತ್ತಿರ ಬಸ್ ಇಳಿದು, ಇಳಿಜಾರಿನಲ್ಲಿ ನಡೆದು, ಬೀರಪ್ಪನ ಗುಡಿ ದಾಟಿದರೆ ಮನೆ. ಮೊದಲು ಅನುರಾಧಾ ಕೈ ಹಿಡಿದು ನಡೆದಳು. ಆಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ಐವತ್ತು. ಮುತ್ತವ್ವ ನಿಂತು ತಿರುಗಿದಾಗಲೆಲ್ಲ, “ಅಂಜಬ್ಯಾಡ, ನಾ ಹಿಂದ ಅದೀನಿ,” ಎನ್ನುತ್ತಿದ್ದಳು. ಕಡೆಗೆ ಮರದ ಮರೆಯಲ್ಲಿ ನಿಂತು ನೋಡಿದಳು. ಒಂದು ದಿನ ಹೋಗಲೇ ಇಲ್ಲ. ಮುತ್ತವ್ವ ಸರಿಯಾಗಿ ಮನೆ ಸೇರಿದಳು. ಮರುದಿನ ಅನುರಾಧಾ ಶಾಲೆಗೆಲ್ಲ ಬೆಲ್ಲ ಹಂಚಿದಳು. ಹಿಂದೆ ಬರುವುದನ್ನು ಬಿಟ್ಟಿದ್ದೇನೆ ಎಂದು ಮುತ್ತವ್ವನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಧೈರ್ಯ ಕೆಡುತ್ತದೆ ಎಂದುಕೊಂಡಳು.

ಮುಂದಿನ ವರ್ಷ ಆಲಮಟ್ಟಿಯ ಹಿನ್ನೀರು ಬಂತು. ಊರಿಗೆ ಊರೇ ಎದ್ದು ಪುನರ್ವಸತಿ ಕೇಂದ್ರಕ್ಕೆ ಹೋಯಿತು. ಈಗ ಹುಣಸೆಮರಕ್ಕಿಂತ ಒಂದು ಸ್ಟಾಪ್ ಮೊದಲೇ ಇಳಿಯಬೇಕು. ಆದರೆ ಆ ವಾರ ಅನುರಾಧಾಗೆ ಮುಧೋಳದಲ್ಲಿ ಅಂಗವಿಕಲರ ಶಿಬಿರದ ಕೆಲಸ.

“ಸೋಮವಾರದಿಂದ ಹೊಸ ದಾರಿ ಕಲಿಸ್ತೀನ್ರಿ. ಅಲ್ಲೀತನಕ ನೀವ ಕರಕೊಂಡು ಹೋಗ್ರಿ,” ಎಂದು ಮುತ್ತವ್ವನ ಅಪ್ಪ ಯಮನಪ್ಪನಿಗೆ ಹೇಳಿ ಹೋದಳು.

ಶುಕ್ರವಾರ ಯಮನಪ್ಪ ಬರುವುದು ತಡವಾಯಿತು. ಮುತ್ತವ್ವ ತಾನೇ ಬಸ್ ಹತ್ತಿದಳು. ಹುಣಸೆಮರದ ಹತ್ತಿರ ಇಳಿದಳು. ಇಳಿಜಾರಿನಲ್ಲಿ ನಡೆದಳು. ಮೀನು ಹಿಡಿಯುವ ಸಾಬಣ್ಣ ನೋಡಿದಾಗ ನೀರು ಅವಳ ಎದೆಮಟ್ಟ ಬಂದಿತ್ತು. ಇಂದ್ರವ್ವ ಕೊಟ್ಟ ರೊಟ್ಟಿಯ ಗಂಟನ್ನು ತೋಯಬಾರದೆಂದು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಎಳೆದರೂ ಬರಲೊಲ್ಲಳು.

“ಬಿಡು ಕಾಕಾ. ಮನಿ ಇಲ್ಲೇ ಐತಿ. ಅಕ್ಕೋರು ಹಿಂದ ಅದಾರ.”

ಸೋಮವಾರ ಅನುರಾಧಾ ಹೊಸ ಮನೆಗೆ ಹೋದಳು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಯಮನಪ್ಪ ಕಟ್ಟೆಯ ಮೇಲೆ ಕೂತಿದ್ದ.

“ಮತ್ತೊಮ್ಮೆ ಕಲಿಸ್ತೀನ್ರಿ,” ಎಂದಳು.

“ನೀವು ಭಾಳ ಛಲೋ ಕಲಿಸೀರ್ರಿ ಅಕ್ಕೋರ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಒಂದ ಹೆಜ್ಜಿ ತಪ್ಪಲಿಲ್ಲ ನೋಡ್ರಿ. ಇನ್ನ ಸಾಕು. ಮನ್ಯಾಗ ಇರಲಿ.”

ಚಹಾ ಕುಡಿದು ಹೋಗಿ ಎಂದು ಅವನೇ ಚಿಲಕ ತೆಗೆದ. ಮುತ್ತವ್ವ ಒಳಗೆ ಬರಿ ನೆಲದ ಮೇಲೆ ಅಂಗೈ ಬಡಿಯುತ್ತಿದ್ದಳು. ಹಿಟ್ಟಿರಲಿಲ್ಲ. ಅನುರಾಧಾ ಪಕ್ಕದಲ್ಲಿ ಕೂತಳು.

“ಮುತ್ತವ್ವಾ, ಅವತ್ತ ನಾ ಹಿಂದ ಇರಲಿಲ್ಲ. ಹೋದ ವರ್ಷದಿಂದ ಇರಲಿಲ್ಲ. ನಿನಗ ಹೇಳಬೇಕಿತ್ತು.”

ಮುತ್ತವ್ವ ನಕ್ಕಳು.

“ಇದ್ರಿ. ನಾನ ತಿರುಗಿ ನೋಡಲಿಲ್ಲ ಅಷ್ಟ.”

ಅನುರಾಧಾ ಎದ್ದಾಗ ಮುತ್ತವ್ವನೂ ಚಪ್ಪಲಿ ಹುಡುಕಿ ಮೆಟ್ಟಿದಳು. ಯಮನಪ್ಪ ಚಹಾ ಕುಡಿದ ಕಪ್ಪು-ಬಸಿ ಹಿಡಿದು ಹೊರಗೆ ಬಂದಿದ್ದ.

“ಚಿಲಕ ಹಾಕ್ರಿ ಅಕ್ಕೋರ. ಅಕಿ ನಿಮ್ಮ ಹಿಂದ ಬರ್ತಾಳ.”

ಅನುರಾಧಾ ಬಾಗಿಲು ಎಳೆದುಕೊಂಡು ಚಿಲಕ ಹಾಕಿದಳು.