ಪ್ಲಾಸ್ಟಿಕ್ ಇಟ್ಟಿಗೆಯ ತೊಟ್ಟಿಮನೆ

ಕಳೆದ ತಿಂಗಳು ಮೊಮ್ಮಗಳು ನನ್ನನ್ನು ಹೆಬ್ಬಾಳದ ಹತ್ತಿರದ ಒಂದು ಮಾಲ್‌ಗೆ ಕರೆದುಕೊಂಡು ಹೋಗಿದ್ದಳು. ಕೆಳಗಿನ ಅಂತಸ್ತಿನಲ್ಲಿ ಉದ್ದನೆಯ ಮೇಜುಗಳ ಮೇಲೆ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಿದ ಮಾದರಿಗಳನ್ನು ಇಟ್ಟಿದ್ದರು. ಇಟ್ಟಿಗೆ ಮಕ್ಕಳ ಆಟದ್ದು; ಕಟ್ಟಿದವರು ಮಾತ್ರ ದೊಡ್ಡವರು. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಕಟ್ಟಿದ್ದಲ್ಲ, ತಾವೇ ಯೋಚನೆ ಮಾಡಿ ಕಟ್ಟಿದ್ದು ಎಂದು ಮೊಮ್ಮಗಳು ವಿವರಿಸಿದಳು. ಮೇಲ್ಸೇತುವೆ ಇತ್ತು, ವಿಮಾನ ಇತ್ತು, ಒಂದು ದರ್ಶಿನಿ ಹೋಟೆಲು, ಅದರ ಮುಂದೆ ನಿಂತು ಕಾಫಿ ಕುಡಿಯುವ ಬೆರಳುದ್ದದ ಜನವೂ ಇದ್ದರು. ನಾನು ಬಗ್ಗಿ ನೋಡುತ್ತಿದ್ದಾಗ ಪಕ್ಕದಲ್ಲಿ ಯಾರೋ ಹೊಸ ಪೊಟ್ಟಣ ಒಡೆದರು. ಆ ವಾಸನೆ ಬಂತು. ಸ್ವಲ್ಪ ಸಿಹಿ, ಸ್ವಲ್ಪ ಔಷಧಿಯಂಥ, ಹೊಸ ಪ್ಲಾಸ್ಟಿಕ್ಕಿನ ವಾಸನೆ. ನನಗೇ ಗೊತ್ತಿಲ್ಲದೆ ಮೇಜಿನ ಮೇಲಿದ್ದ ಒಂದು ಮನೆಯ ಚಾವಣಿಯತ್ತ ನನ್ನ ಕೈ ಹೋಯಿತು.

“ಅಜ್ಜೀ, ಪ್ಲೀಸ್ ಮುಟ್ಬೇಡಿ. ಬಿಚ್ಕೊಂಡ್ ಬಿಡತ್ತೆ,” ಎಂದ ಅಲ್ಲಿದ್ದ ಹುಡುಗ.

ಕೈ ಹಿಂದಕ್ಕೆ ತೆಗೆದುಕೊಂಡೆ. ಚಾವಣಿ ಎತ್ತಿ ಒಳಗೆ ನೋಡಬೇಕು ಅನ್ನಿಸಿತ್ತು, ಅಷ್ಟೆ...

ಅರವತ್ತರ ದಶಕದಲ್ಲಿ ನಾನು ಮದುವೆಯಾಗಿ ಯಶವಂತಪುರಕ್ಕೆ ಬಂದೆ. ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಒಂದು ಸಣ್ಣ ಬೀದಿ. ಎರಡು ಸಾಲು ಹೆಂಚಿನ ಮನೆಗಳು. ನಮ್ಮ ಎದುರು ಮನೆಯಲ್ಲಿ ಒಬ್ಬ ಅಕ್ಕ ಇದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಅಬ್ಬಿಗೆರೆಯ ಬೇಸಾಯದ ಮನೆತನದಿಂದ ಬಂದವರು. ಅವರ ಯಜಮಾನರಿಗೆ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಯಂತ್ರ ಕೂರಿಸಿ ಕಲಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬ ತನ್ನ ಊರಿಗೆ ಹೊರಡುವಾಗ, ನಿನ್ನ ಮಗಳಿಗೆ ಎಂದು ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಹೋಗಿದ್ದನಂತೆ. ಮಗಳು ನಾಲ್ಕು ದಿನ ಆಡಿ ಬಿಟ್ಟಳು. ಪೆಟ್ಟಿಗೆ ತಾಯಿಯ ವಶವಾಯಿತು.

ಅದರಲ್ಲಿದ್ದದ್ದು ಕೆಂಪು ಮತ್ತು ಬಿಳಿ ಇಟ್ಟಿಗೆಗಳು. ಬೆನ್ನ ಮೇಲೆ ಅಂಗಿ ಗುಂಡಿಯಂಥ ಉಬ್ಬು, ಹೊಟ್ಟೆಯ ಕಡೆ ಟೊಳ್ಳು. ಒಂದರ ಮೇಲೊಂದು ಇಟ್ಟು ಒತ್ತಿದರೆ ಟಕ್ಕೆಂದು ಕೂರುತ್ತಿದ್ದವು. ಪುಟ್ಟ ಕಿಟಕಿಗಳೂ ಬಾಗಿಲುಗಳೂ ಕೆಲವಿದ್ದವು. ಬೇಸಿಗೆಯ ಸೆಕೆಗೆ ಕೆಲವು ಸೊಟ್ಟಗಾಗಿ ಹಿಡಿತ ಬಿಟ್ಟಿದ್ದವು. ಅವನ್ನು ಅಕ್ಕ, “ಇವು ಸರಿಯಾಗಿ ಬೆಂದಿಲ್ಲ,” ಎಂದು ನಿಜವಾದ ಇಟ್ಟಿಗೆಯ ಹಾಗೆಯೇ ಬದಿಗಿಡುತ್ತಿದ್ದರು. ಪೆಟ್ಟಿಗೆಯೊಳಗಿನ ಹಾಳೆಯಲ್ಲಿ ಚೂಪು ಚಾವಣಿಯ ಪರದೇಶದ ಮನೆಗಳ ಚಿತ್ರವಿತ್ತು. “ಇಂಥ ಮನೇಲಿ ಹಪ್ಪಳ ಎಲ್ಲಿ ಒಣಗ್ ಹಾಕೋದು?” ಎಂದು ಅದನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದರು.

ನಮ್ಮ ಬೀದಿಯಲ್ಲಿ ದಸರಾಕ್ಕೆ ಮನೆಮನೆಯಲ್ಲೂ ಬೊಂಬೆ ಕೂರಿಸುತ್ತಿದ್ದರು. ಅಕ್ಕನ ಕಡೆಯವರಲ್ಲಿ ಆ ಪದ್ಧತಿ ಇರಲಿಲ್ಲ. ಮದುವೆಯಲ್ಲಿ ತವರಿನವರು ಕೊಡುವ ಪಟ್ಟದ ಬೊಂಬೆ, ಅಂದರೆ ಮರದ ರಾಜ ರಾಣಿಯ ಜೋಡಿ, ಅವರಿಗೆ ಬಂದಿರಲಿಲ್ಲ. ಆದರೂ ಒಂದು ವರ್ಷ ಮಣೆಯ ಮೇಲೆ ಬಿಳಿ ಪಂಚೆ ಹಾಸಿ ನಮ್ಮ ಯಶವಂತಪುರ ಸ್ಟೇಷನ್ನನ್ನೇ ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ ಕಟ್ಟಿ ಕೂರಿಸಿಬಿಟ್ಟರು. ಪ್ಲಾಟ್‌ಫಾರಂ, ಟಿಕೆಟ್ ಕೊಡುವ ಕಿಂಡಿ, ನಿಂತ ಗೂಡ್ಸ್ ಗಾಡಿ. ಮೂಲೆ ಮನೆಯ ದೊಡ್ಡಮ್ಮ ಕುಂಕುಮಕ್ಕೆ ಬಂದವರು ಮೂಗಿನ ಮೇಲೆ ಬೆರಳಿಟ್ಟರು.

“ಪಟ್ಟದ ಬೊಂಬೆ ಇಲ್ದೆ ಇದೆಂಥ ಬೊಂಬೆ ಕೂರ್ಸೋದಮ್ಮಾ? ಮಕ್ಕಳ ಆಟದ ಸಾಮಾನು!”

“ನಿಮ್ಮ ರಾಜ ರಾಣೀನ ಕಳಿಸ್ಕೊಡಿ ದೊಡ್ಡಮ್ಮಾ,” ಎಂದರು ಅಕ್ಕ, ಕಡಲೆ ಸುಂಡಲಿನ ಪೊಟ್ಟಣ ಕೊಡುತ್ತ. “ನಾಳೆ ಬೆಳಗ್ಗೆ ಗಾಡೀಲಿ ಮೈಸೂರಿಗೆ ಹತ್ತಿಸಿ ಕಳಿಸ್ತೀನಿ. ಟಿಕೆಟ್ ಖರ್ಚು ನಂದು.”

ದೊಡ್ಡಮ್ಮನೇ ಮೊದಲು ನಕ್ಕಿದ್ದು. ಮರುದಿನ ಪಕ್ಕದ ಬೀದಿಯವರೂ ನೋಡಲು ಬಂದರು.

ಇಟ್ಟಿಗೆ ಇದ್ದದ್ದು ಅಷ್ಟೇ. ಹೊಸದು ಕಟ್ಟಬೇಕಾದರೆ ಹಳೆಯದನ್ನು ಬಿಚ್ಚಬೇಕು. ಮರುವರ್ಷ ಸ್ಟೇಷನ್ನು ಬಿಚ್ಚಿ ನೀರಿನ ಟ್ಯಾಂಕು ಕಟ್ಟಿದರು. ಅದರ ಮುಂದಿನ ವರ್ಷ, ದಸರಾ ಇನ್ನೂ ದೂರವಿರುವಾಗಲೇ, ಟ್ಯಾಂಕು ಬಿಚ್ಚಿದರು. “ಈ ಸಲ ಏನಕ್ಕಾ?” ಎಂದು ಕೇಳಿದೆ. “ನಮ್ಮನೆ,” ಎಂದರು. ಅವರು ನಮ್ಮನೆ ಎಂದದ್ದು ಎದುರುಗಡೆಯ ಬಾಡಿಗೆ ಮನೆಯನ್ನಲ್ಲ, ಅಬ್ಬಿಗೆರೆಯ ತವರನ್ನು.

ಆ ತವರಿಗೆ ಅವರು ಹೋಗಿ ಕೆಲವು ವರ್ಷಗಳೇ ಆಗಿದ್ದವು. ದೂರವೇನಲ್ಲ; ಜಾಲಹಳ್ಳಿಯವರೆಗೆ ಬಸ್ಸು, ಆಮೇಲೆ ನಡಿಗೆ. ಅಕ್ಕನಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ತಂದೆ ತಾಯಿ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾಗಿ, ತೊಟ್ಟಿಮನೆಯ ನಡುವೆ ಗೋಡೆ ಎಬ್ಬಿಸಿದ್ದರು. ಹಳೆಯ ಬಾಗಿಲು ಅಣ್ಣನಿಗೆ ಹೋಯಿತು, ತಮ್ಮ ಪಕ್ಕದ ಬೀದಿಗೆ ಹೊಸ ಬಾಗಿಲು ಒಡೆದ. ಅಲ್ಲಿಂದ ಮಾತಿಲ್ಲ. ಗೌರಿ ಹಬ್ಬಕ್ಕೆ ಹೆಣ್ಣುಮಗಳನ್ನು ತವರಿನವರು ಬಂದು ಕರೆಯಬೇಕು, ಕರೆಯದೆ ಹೋಗುವಂತಿಲ್ಲ. ಗೋಡೆ ಎದ್ದ ಮೇಲೆ ಯಾರೂ ಕರೆಯಲು ಬರಲಿಲ್ಲ. ಅಣ್ಣ ಕರೆಯಲಿ ಎಂದು ತಮ್ಮ, ತಮ್ಮ ಕರೆದಿರಬಹುದು ಎಂದು ಅಣ್ಣ... ಪ್ರತಿ ಗೌರಿ ಹಬ್ಬದ ಬೆಳಿಗ್ಗೆ ಅಕ್ಕ ಬೇಗ ಅಡಿಗೆ ಮುಗಿಸಿ ಹೊಸಿಲ ಬಳಿ ಹೂ ಕಟ್ಟುತ್ತ ಕೂತಿರುತ್ತಿದ್ದರು. ನಾನು ಎದುರು ಮನೆಯವಳು, ನನಗೆ ಕಾಣುತ್ತಿತ್ತು.

ಮನೆ ಕಟ್ಟುವ ರೀತಿ ವಿಚಿತ್ರವಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಮುಂದೆ ಮಾಡಿ, ಸೊಂಟದ ಮೇಲೆ ನೀರಿನ ಬಿಂದಿಗೆ ಇದೆಯೆಂಬಂತೆ ಒಂದು ಕೈ ಬಳಸಿ ಹಿಡಿದು, ಕಣ್ಣು ಮುಚ್ಚಿ ಕೋಣೆಯಲ್ಲಿ ನಡೆಯುತ್ತಿದ್ದರು. ಒಂದು ಕಡೆ ಬಂದಾಗ ಮೊಣಕೈ ತಾನೇ ಒಳಕ್ಕೆ ಸರಿಯುತ್ತಿತ್ತು. “ಇಲ್ಲಿ ಕಂಬ,” ಎನ್ನುತ್ತಿದ್ದರು. ಇನ್ನೊಂದು ಕಡೆ ತಲೆ ತಗ್ಗುತ್ತಿತ್ತು. “ಇಲ್ಲಿ ಅಡಿಗೆಮನೆ ಬಾಗ್ಲು.” ಆಮೇಲೆ ಕೂತು ಅಲ್ಲೇ ಒಂದು ಇಟ್ಟಿಗೆ ಒತ್ತುತ್ತಿದ್ದರು. ನಡುವೆ ತೊಟ್ಟಿ, ಸುತ್ತ ಕಂಬ, ಒಂದು ಬದಿಗೆ ಕೊಟ್ಟಿಗೆ, ಇನ್ನೊಂದು ಬದಿಗೆ ಅಟ್ಟದ ಕೋಣೆ. ಮೇಲೆ ಎತ್ತಿ ತೆಗೆಯಬಹುದಾದ ಕೆಂಪು ಚಾವಣಿ. ಮುಂದೆ, ಬಾಗಿಲಿನ ಎರಡೂ ಬದಿಗೆ ಉದ್ದನೆಯ ಬಿಳಿ ಜಗಲಿ. ಜಗಲಿಗೆ ಅವರು ಬಹಳ ಇಟ್ಟಿಗೆ ಹಾಕಿದರು. “ಬಂದ ತಕ್ಷಣ ಒಳಗೆ ಹೋಗಲ್ಲ ಕಣೇ ಹೆಣ್ಮಕ್ಳು,” ಎಂದು ಹೇಳಿದ್ದರು. “ಮೊದ್ಲು ಜಗಲಿ ಮೇಲೆ ಗಂಟಿಟ್ಟು ಕೂತ್ಕೋತೀವಿ. ಅವ್ವ ಒಳಗಿಂದ ನೀರು ತರ್ತಿದ್ಲು. ಅದು ಕುಡಿದ ಮೇಲೇನೇ ಬಂದೆ ಅನ್ನಿಸೋದು.” ನಡುವಿನ ಗೋಡೆಯನ್ನು ಅವರು ಕಟ್ಟಲಿಲ್ಲ. ಆ ಮಾತನ್ನು ನಾನೂ ಎತ್ತಲಿಲ್ಲ.

ಸೊಪ್ಪು ಮಾರಲು ಬರುತ್ತಿದ್ದ ಅಬ್ಬಿಗೆರೆಯ ಹೆಂಗಸಿನ ಕೈಲಿ ಅಣ್ಣನಿಗೂ ತಮ್ಮನಿಗೂ ಹೇಳಿ ಕಳಿಸಿದರು. ಆಯುಧಪೂಜೆಯ ಹಿಂದಿನ ದಿನ ಇಬ್ಬರೂ ಯಶವಂತಪುರಕ್ಕೆ ಬೂದುಗುಂಬಳ ಮಾರಲು ಬರುವುದಿತ್ತು. ಮಾರಾಟ ಮುಗಿಸಿ ಮನೆಗೆ ಬಂದು ಬೊಂಬೆ ನೋಡಿ ಹೋಗಿ ಎಂದಷ್ಟೇ. ಒಬ್ಬರಿಗೆ ಇನ್ನೊಬ್ಬರ ವಿಷಯ ತಿಳಿಸಿರಲಿಲ್ಲ. “ಬಂದ್ರೆ ಇಬ್ರೂ ಬರ್ಲಿ. ಈ ಸಲ ಕೇಳೇಬಿಡ್ತೀನಿ, ನಾನು ಯಾವ ಬಾಗ್ಲಿಗೆ ಬರ್ಬೇಕು ಅಂತ,” ಎಂದು ನನ್ನ ಹತ್ತಿರ ಹೇಳಿದರು. ನನ್ನನ್ನೂ ಜೊತೆಗಿರು ಎಂದರು.

ಅಣ್ಣ ಮೊದಲು ಬಂದರು. ಭುಜದ ಮೇಲೆ ಒಂದು ಬೂದುಗುಂಬಳ. ಅದನ್ನಿಳಿಸಿ, ಮಣೆಯ ಮೇಲಿನ ಮನೆ ನೋಡಿ, ಹಾಗೇ ನೆಲಕ್ಕೆ ಕುಕ್ಕುರುಗಾಲಲ್ಲಿ ಕೂತರು. “ಇದೇನವ್ವಾ... ನಮ್ಮಟ್ಟಿ!” ಅಕ್ಕ ಚಾವಣಿ ಎತ್ತಿ ಪಕ್ಕಕ್ಕಿಟ್ಟರು. ಅಣ್ಣ ಒಳಗೆ ಇಣುಕುತ್ತಿರುವಾಗಲೇ ತಮ್ಮನೂ ಬಂದ. ಅವನ ಭುಜದ ಮೇಲೂ ಒಂದು ಬೂದುಗುಂಬಳ. ಅಣ್ಣನನ್ನು ಕಂಡು ಹೊಸಿಲಲ್ಲೇ ನಿಂತ. ಹಿಂದಿರುಗಿ ಹೋಗಿಬಿಡುತ್ತಾನೆ ಎಂದುಕೊಂಡೆ. ಆದರೆ ಅವನ ಕಣ್ಣು ಅಣ್ಣನ ತಲೆಯ ಮೇಲಿಂದ ಮಣೆಗೆ ಹೋಯಿತು. ಬಂದು ಆ ಬದಿಗೆ ಕೂತ.

ಇಬ್ಬರೂ ಬಗ್ಗಿ ಒಂದೊಂದೇ ಕಂಬ ನೋಡಿದರು. ಆಮೇಲೆ ತಮ್ಮ, ಅಕ್ಕನ ಕಡೆ ನೋಡಿ, “ಒರಳು ಅಲ್ಲಿರ್ಲಿಲ್ಲ ಕಣಕ್ಕಾ. ಈ ಕಂಬದ ತಾವ,” ಎಂದ.

“ಕಂಬದ ತಾವ ಇದ್ದುದ್ದು ಬೀಸೋಕಲ್ಲು,” ಎಂದರು ಅಣ್ಣ, ತಮ್ಮನಿಗಲ್ಲ, ಮಣೆಯ ಮೇಲಿನ ಮನೆಗೆ ಹೇಳುವಂತೆ.

“ಬೀಸೋಕಲ್ಲು ಏಣಿ ತಾವ ಕಣಣ್ಣ. ಅದ್ರ ಮ್ಯಾಲೆ ನನ್ನ ತಳ್ಳಿ ನೀನು ಮುಂದಿನ ಅಲ್ಲು ಮುರೀಲಿಲ್ವಾ?”

“ಆಲಲ್ಲು ಕಣ್ಲಾ ಅದು. ನಾನು ತಳ್ಳದಿದ್ರೂ ಬೀಳ್ತಿತ್ತು.”

ತಮ್ಮ ‘ಅಣ್ಣ’ ಎಂದುಬಿಟ್ಟಿದ್ದ. ಅವನಿಗೆ ಅದು ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ಇಬ್ಬರ ಕೈಗಳೂ ಮನೆಯೊಳಗಿದ್ದವು. ಮಣ್ಣಿನ ಕೆಲಸದ ದಪ್ಪ ಬೆರಳುಗಳು, ಕಂಬ ಬೀಳಿಸದಂತೆ ಬಹಳ ಎಚ್ಚರದಿಂದ ಇಟ್ಟಿಗೆ ಕಿತ್ತು ಇನ್ನೊಂದು ಕಡೆ ಒತ್ತುತ್ತಿದ್ದವು. ಕೊಟ್ಟಿಗೆಯ ಕಿಟಕಿಗೆ ಜಗಳವಾಡಿದರು. ಅಟ್ಟಕ್ಕೆ ನಕ್ಕರು. ಅಕ್ಕ ಆರತಿ ತಟ್ಟೆ ಹಿಡಿದು ಅಲುಗಾಡದೆ ನಿಂತಿದ್ದರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಆಗಲೇ ಅವರು ಧೈರ್ಯ ಮಾಡಿದ್ದು.

“ಬರೋ ಗೌರಿ ಹಬ್ಬಕ್ಕೆ ನಾನು ಯಾವ ಬಾಗ್ಲಿಗೆ ಬರ್ಲಣ್ಣಾ?”

ಕೈಗಳು ನಿಂತವು. ಅಣ್ಣ ಕೈಲಿದ್ದ ಇಟ್ಟಿಗೆಯನ್ನು ಮಣೆಯ ಮೇಲಿಟ್ಟರು. “ಅವನು ಕರೀಲಿ. ಚಿಕ್ಕೋನು, ಅವನಿಗೂ ಆಸೆ ಇರ್ತದೆ.”

“ದೊಡ್ಡೋನು ಇದ್ದಂಗೆ ನಾನು ಕರೆಯಾದಾ? ಜನ ಏನಂದಾರು?”

“ನಾನೇ ಅಂದ್ನಲ್ಲ, ಕರಿ.”

“ನೀನು ಕರೆದ ಮ್ಯಾಲೆ ನಾನು ಕರೀತೀನಿ.”

ಇದರಲ್ಲಿ ಕೋಪವಿರಲಿಲ್ಲ. ಕರೆಯುವ ಮರ್ಯಾದೆಯನ್ನು ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿದ್ದರು. ಅಕ್ಕ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. ಕೊನೆಗೆ ಅಣ್ಣ ಮತ್ತೆ ಮನೆಯತ್ತ ಬಗ್ಗಿದರು.

“ಬಾಗ್ಲು ಅಂದ್ಯಲ್ಲವ್ವಾ... ನೀನು ಒಂದೇ ಮಡಗಿದ್ದೀಯ. ಈಗ ಎರಡೈತೆ.”

“ಊಂ, ನನ್ನದು ಈ ಕಡೆಗೆ,” ಎಂದ ತಮ್ಮ. ಅಡಿಗೆಮನೆಯ ಪುಟ್ಟ ಬಾಗಿಲನ್ನು ಕಿತ್ತು ಪಕ್ಕದ ಗೋಡೆಗೆ ಕೂರಿಸಿದ. ಆಮೇಲೆ ಇಬ್ಬರೂ ತೊಟ್ಟಿಯ ನಡುವೆ ಗೋಡೆ ಹಾಕಲು ಶುರುಮಾಡಿದರು. ಬದಿಗಿಟ್ಟಿದ್ದ ಸೊಟ್ಟ ಇಟ್ಟಿಗೆಗಳು ಕೂರಲಿಲ್ಲ.

“ಇಟ್ಟಿಗೆ ಸಾಲ್ದು,” ಎಂದ ತಮ್ಮ.

“ಜಗಲಿ ಕೀಳು.”

“ಜಗಲಿ ಯಾಕಣ್ಣಾ?” ಎಂದರು ಅಕ್ಕ.

“ಈಗೆಲ್ಲೈತವ್ವಾ ಜಗಲಿ? ಅದ್ರ ಕಲ್ಲೇ ಅಲ್ವಾ ಗೋಡೆಗೆ ಆಕಿದ್ದು,” ಎಂದರು ಅಣ್ಣ, ತಲೆ ಎತ್ತದೆ.

ಅಕ್ಕನಿಗೆ ಅದು ಗೊತ್ತಿರಲಿಲ್ಲ. ನಾನು ಆರತಿ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡೆ. ಅವರು ಕೊಟ್ಟುಬಿಟ್ಟರು.

ತಮ್ಮ ಜಗಲಿಯಿಂದ ಒಂದೊಂದೇ ಬಿಳಿ ಇಟ್ಟಿಗೆ ಕಿತ್ತು ಕೊಡುತ್ತಿದ್ದ. ಅಣ್ಣ ಒತ್ತುತ್ತಿದ್ದರು. ಟಕ್, ಟಕ್. “ಇನ್ನೊಂದು ವರಸೆ,” ಎನ್ನುತ್ತಿದ್ದ ತಮ್ಮ. “ಆ ಕಡೆ ಸೊಟ್ಟ ಐತೆ ನೋಡಣ್ಣ.” ಅಷ್ಟು ಹೊಂದಿಕೊಂಡು ಕೆಲಸ ಮಾಡುವ ಇಬ್ಬರನ್ನು ನಾನು ಕಂಡಿರಲಿಲ್ಲ. ಗೋಡೆ ಕಂಬದ ಎತ್ತರಕ್ಕೆ ಬಂದಾಗ ಅಣ್ಣ ಚಾವಣಿಯನ್ನು ತಾವೇ ಎತ್ತಿ ಮುಚ್ಚಿ, ಅಂಗೈ ಒರೆಸಿಕೊಂಡು, “ಈಗ ಸರೋಯ್ತು ನೋಡವ್ವಾ,” ಎಂದರು. ಅವರಿಗೆ ತಂಗಿಗೆ ಏನೋ ಒಳ್ಳೆಯದು ಮಾಡಿಕೊಟ್ಟ ಸಮಾಧಾನವಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ಇಲ್ಲವೆಂದು ಹೇಳಲಾರೆ.

ಅಕ್ಕ ಇಬ್ಬರಿಗೂ ಕುಂಕುಮ ಇಟ್ಟು, ಸುಂಡಲು ಕೊಟ್ಟರು. ಅಣ್ಣ ಎದ್ದು ಹೋದರು. ತಮ್ಮ ಮೆಟ್ಟಿನ ಪಟ್ಟಿ ಸರಿಮಾಡುವ ನೆಪದಲ್ಲಿ ಹೊಸಿಲ ಬಳಿ ತಡೆದು, ಅಣ್ಣ ಬೀದಿ ತಿರುಗಿದ ಮೇಲೆ ಹೊರಟ. ಒಳಗೆ ಎರಡು ಬೂದುಗುಂಬಳ ಪಕ್ಕಪಕ್ಕದಲ್ಲಿ ಉಳಿದವು.

ಸಂಜೆ ಬೀದಿಯ ಹೆಂಗಸರು ಬರುವುದರೊಳಗೆ ಏನಾದರೂ ಮಾಡಬೇಕು ಅನ್ನಿಸಿತು. “ಗೋಡೆ ತೆಗೀಲಾ ಅಕ್ಕಾ? ಜಗಲಿ ಮತ್ತೆ ಕಟ್ಟೋಣ,” ಎಂದೆ.

ಅವರು ಮನೆಯ ಮುಂದೆ ಜಗಲಿ ಇದ್ದ ಜಾಗದಲ್ಲಿ ಪಂಚೆಯ ಸುಕ್ಕು ನೀವಿದರು.

“ಬೇಡ ಕಣೇ. ಇಬ್ರೂ ಸೇರಿ ಕಟ್ಟಿರೋದು.”

ದಸರಾ ಮುಗಿದ ಮೇಲೂ ಅವರು ಆ ಮನೆಯನ್ನು ಬಿಚ್ಚಲಿಲ್ಲ. ಮುಂದಿನ ಗೌರಿ ಹಬ್ಬಕ್ಕೂ ಯಾರೂ ಕರೆಯಲು ಬರಲಿಲ್ಲ. ಆ ಬೆಳಿಗ್ಗೆ ಹೊಸಿಲ ಬಳಿ ಹೂ ಕಟ್ಟುತ್ತ ಕೂರುವ ಬದಲು ಅಕ್ಕ ನಮ್ಮ ಮನೆಗೆ ಬಂದು, ನನ್ನ ಜೊತೆ ಕಡುಬು ಮಾಡಿದರು. ಆ ವರ್ಷ ಬೊಂಬೆಯನ್ನೂ ಕೂರಿಸಲಿಲ್ಲ. ಹೊಸದು ಕಟ್ಟಲು ಇಟ್ಟಿಗೆ ಇಲ್ಲ ಎಂದು ದೊಡ್ಡಮ್ಮನಿಗೆ ಹೇಳಿದರು. ಅದು ನಿಜವೂ ಆಗಿತ್ತು. ಆಮೇಲೆ ಅವರ ಯಜಮಾನರಿಗೆ ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕಿತು. ಸಾಮಾನೆಲ್ಲ ಎತ್ತಿನ ಗಾಡಿಯಲ್ಲಿ ಮುಂದೆ ಹೋಯಿತು. ಅಕ್ಕ ಜಟಕಾದಲ್ಲಿ ಹಿಂದಕ್ಕೆ ಮುಖಮಾಡಿ ಕೂತು, ಮಡಿಲಲ್ಲಿ ಆ ಮನೆಯನ್ನು ಎರಡೂ ಕೈಯಿಂದ ಬಳಸಿ ಹಿಡಿದಿದ್ದರು. “ಬರ್ತೀನಿ ಕಣೇ. ಬಾ ಮನೆ ಕಡೆ,” ಎಂದರು. ಕುದುರೆ ಕದಲಿದಾಗ ಕೈ ಬೀಸಲಿಲ್ಲ. ಬೀಸಿದ್ದರೆ ಗೋಡೆ ಕಳಚುತ್ತಿತ್ತು.

ಒಮ್ಮೆ ಹೋಗಿದ್ದೆ. ಆಮೇಲೆ ನಮಗೂ ವರ್ಗವಾಯಿತು, ಮಕ್ಕಳಾದರು... ಹೋಗುವುದು ನಿಂತಿತು. ನಾವು ಈ ಕಡೆಗೆ ಮರಳಿ ಬಂದಾಗ ಆ ಕ್ವಾರ್ಟರ್ಸಿನಲ್ಲಿ ಬೇರೆ ಯಾರೋ ಇದ್ದರು. ಅಬ್ಬಿಗೆರೆಯಲ್ಲಿ ಈಗ ನಾಲ್ಕಂತಸ್ತಿನ ಮನೆಗಳು ಒತ್ತಾಗಿ ನಿಂತಿವೆ. ಕಾರಿನಲ್ಲಿ ಹಾದು ಹೋಗುವಾಗ ಯಾವುದಕ್ಕೂ ಜಗಲಿ ಕಾಣುವುದಿಲ್ಲ. ಅಕ್ಕ ಇದ್ದಿದ್ದರೆ ಅವರಿಗೆ ತೊಂಬತ್ತು ದಾಟಿರುತ್ತಿತ್ತು. ಇರಲಾರರು ಎಂದು ನನಗೆ ಗೊತ್ತು. ಆದರೆ ಇಲ್ಲ ಎಂದು ಇಂದಿಗೂ ಯಾರೂ ಬಂದು ಹೇಳಿಲ್ಲ. ಎದುರು ಮನೆಯವಳಿಗೆ ಯಾರು ಹೇಳಿ ಕಳಿಸುತ್ತಾರೆ?