ಅತ್ತೆ ಒತ್ತಿದ ಸ್ವಿಚ್ಚು

ನಮ್ಮ ಅತ್ತೆಯ ಬೆರಳ ತುದಿಗಳು ನುಣ್ಣಗಿದ್ದವು. ಅಕ್ಕಿ ಆರಿಸುವಾಗ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಮುಖ ಬಾಗಿಲ ಕಡೆ ತಿರುಗಿಸಿ, ಬೆರಳಿನಿಂದಲೇ ಕಲ್ಲು ಹೆಕ್ಕಿ ಪಕ್ಕಕ್ಕೆ ಇಡುತ್ತಿದ್ದರು. ಅವರು ಆರಿಸಿದ ಅಕ್ಕಿಯಲ್ಲಿ ನನ್ನ ಹಲ್ಲಿಗೆ ಎಂದೂ ಕಲ್ಲು ಸಿಗಲಿಲ್ಲ. ಮದುವೆಯಾಗಿ ಶಹಾಬಾದಿನ ಈ ಮನೆಗೆ ಬಂದಾಗ ನಾನು ಅದನ್ನು ನೋಡಿ ಬೆರಗಾಗಿದ್ದೆ, ಅಭ್ಯಾಸಬಲ ಅಂದುಕೊಂಡಿದ್ದೆ.

ಅವರು ವಾಡಿಯ ಸುತ್ತಮುತ್ತಲ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ದನಿ ಇನ್ನೂ ತರಗತಿಯದೇ. ಬೆಳಿಗ್ಗೆ ನಾನು ಚಿತ್ತಾಪುರದ ಆಫೀಸಿಗೆ ಹೊರಡುವ ಮುಂಚೆ ಪೇಪರಿನ ಒಂದು ಪುಟ ಅವರಿಗೆ ಓದಿ ಹೇಳಬೇಕಿತ್ತು. "ಜನ್ಮಾ ಪೂರ್ತಿ ನಾ ಮಂದಿಗೆ ಓದಿ ಹೇಳೀನಿ, ಈಗ ಕೇಳೋದು ನನ್ನ ಪಾಳಿ," ಎನ್ನುತ್ತಿದ್ದರು. ನಾನು ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಅಲ್ಲೇ ತಡೆದು ತಿದ್ದುತ್ತಿದ್ದರು. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಒಂದು ಗೇಣು ಆಚೆ ಹೋದರೂ ಮನೆಯಲ್ಲಿ ರಾಮಾಯಣ. ಬಂದವರನ್ನು ಹೆಜ್ಜೆ ಸಪ್ಪಳದಲ್ಲೇ ಗುರುತಿಸಿ, ಅವರು ಬಾಯಿ ತೆರೆಯುವ ಮುಂಚೆ ಹೆಸರು ಹಿಡಿದು ಕರೆಯುತ್ತಿದ್ದರು. ಶಿಸ್ತಿನ ಹೆಂಗಸು ಎಂದು ಓಣಿಯೆಲ್ಲ ಹೇಳುತ್ತಿತ್ತು. ನಾವೂ ಅದನ್ನೇ ನಂಬಿದ್ದೆವು.

ನಮ್ಮದು ಹಳೆಯ ಪರ್ಸಿಕಲ್ಲಿನ, ಅಂದರೆ ಇಲ್ಲಿಯದೇ ಹಾಸುಗಲ್ಲಿನ ಮನೆ. ಮಾಳಿಗೆಗೆ ಹೋಗುವ ಮೆಟ್ಟಿಲು ಎರಡು ಗೋಡೆಗಳ ನಡುವೆ ಇದೆ, ಕಿಟಕಿಯಿಲ್ಲ. ಮಧ್ಯಾಹ್ನವೂ ಅಲ್ಲಿ ದೀಪ ಬೇಕು. ಕೆಳಗೊಂದು, ಮೇಲೊಂದು ಸ್ವಿಚ್ಚು, ನಡುವೆ ಒಂದೇ ಬಲ್ಬು. ಒಂದು ಸಂಜೆ ನಾನು ಒಣಗಿದ ಬಟ್ಟೆಗಳನ್ನು ಎದೆಗವಚಿಕೊಂಡು ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ದೀಪ ಆರಿತು. ಮುಂದಿನ ಹೆಜ್ಜೆ ಗಾಳಿಯಲ್ಲಿ ಬಿತ್ತು. ಕಣ್ಣು ಬಿಟ್ಟಾಗ ನಾನು ಕೆಳಗೆ ಅತ್ತೆಯ ಕಾಲ ಬಳಿ ಬಿದ್ದಿದ್ದೆ, ಎಡಗೈ ಮುರಿದಿತ್ತು. ಅಂಗಳದಿಂದ ಓಡಿಬಂದ ನನ್ನ ಗಂಡ ಸ್ವಿಚ್ಚು ಒತ್ತಿದರು, ದೀಪ ಹತ್ತಿತು. ಕರೆಂಟ್ ಹೋಗಿ ಬಂದಿರಬೇಕು ಎಂದರು. ನಮ್ಮೂರಲ್ಲಿ ಅದೇನು ದೊಡ್ಡ ಮಾತಲ್ಲ. ಅತ್ತೆ ಮಾತ್ರ ಆ ಸಂಜೆ ಊಟ ಮಾಡಲಿಲ್ಲ.

ಕೈಗೆ ಹಾಕಿದ ಪ್ಲಾಸ್ಟರ್ ಬಿಚ್ಚುವ ಮುಂಚೆಯೇ ಅವರ ಹಟ ಶುರುವಾಯಿತು. ಕಲಬುರಗಿಯಲ್ಲಿ ಯಾರದೋ ಮನೆಯಲ್ಲಿ ಹೊಸ ನಮೂನೆಯ ಸ್ವಿಚ್ಚು ಹಾಕಿಸಿದ್ದಾರಂತೆ, ದೀಪ ಹತ್ತಿದೆಯೋ ಆರಿದೆಯೋ ಅದೇ ಬಾಯಿಬಿಟ್ಟು ಹೇಳುತ್ತದಂತೆ, ನಮ್ಮ ಮೆಟ್ಟಿಲಿಗೂ ಅದೇ ಬೇಕು. ಫ್ರಿಜ್ ತರಿಸಲಿಕ್ಕೂ ಒಪ್ಪದೆ ಜಗಳವಾಡಿದ್ದ ಅತ್ತೆಗೆ ಇದೇನು ಹುಚ್ಚು ಎಂದು ಗಂಡ ನಕ್ಕರು. ಆದರೆ ಅತ್ತೆ ಬಿಡಲಿಲ್ಲ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ವೈರಿಂಗ್ ಮಾಡುವ ಮಿಸ್ತ್ರಿ ಬಂದರು.

ಅತ್ತೆ ಅವರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತು ಒಂದೊಂದಾಗಿ ಕೇಳಿದರು. ಹಳೆಯ ಸ್ವಿಚ್ಚು ಕೆಳಮುಖವಾಗಿ ಒತ್ತಿದ್ದರೆ ದೀಪ ಹತ್ತಿದೆ ಎಂದೇ ಅರ್ಥವೇ? ಹಾಗೇನಿಲ್ಲ ಎಂದರು ಮಿಸ್ತ್ರಿ. ಎರಡು ಕಡೆಯಿಂದ ಒಂದೇ ದೀಪ ನಡೆಸುವಾಗ, ಮಾಳಿಗೆಯಲ್ಲಿ ಯಾರಾದರೂ ಒತ್ತಿದರೆ ಕೆಳಗಿನದರ ಲೆಕ್ಕ ಉಲ್ಟಾ ಆಗುತ್ತದೆ, ಬಲ್ಬು ನೋಡಿಯೇ ತಿಳಿಯಬೇಕು. ಅತ್ತೆ ತಲೆಯಾಡಿಸಿದರು.

ಮಿಸ್ತ್ರಿ ಮೇನ್ ಆಫ್ ಮಾಡಿ, ಎರಡೂ ಕಡೆ ಹೊಸದನ್ನು ಕೂರಿಸಿ, ಗೋಡೆಯ ಗೂಡಿನಲ್ಲಿ ಸಣ್ಣ ಸ್ಪೀಕರ್ ಇಟ್ಟು ಜೋಡಿಸಿದರು. ಮತ್ತೆ ಕರೆಂಟ್ ಕೊಟ್ಟಾಗ ಹಳೆಯ ಬಲ್ಬು ಮಿಣುಕತೊಡಗಿತು. ಇದು ನಡೆಯುವುದಿಲ್ಲ ಎಂದು ಅದನ್ನು ಬಿಚ್ಚಿಕೊಂಡು ಇಳಿದರು, ಬೇರೆಯದನ್ನು ಚೀಲದಿಂದ ತೆಗೆಯಲು ಬಾಗಿದರು. ಅಷ್ಟರಲ್ಲಿ ಅತ್ತೆ ಎದ್ದು ಬಂದು ಗೋಡೆ ತಡವಿ ಸ್ವಿಚ್ಚು ಒತ್ತಿದರು. ಲೈಟ್ ಹತ್ತಿದೆ ಎಂದು ಸ್ಪೀಕರ್ ಹಿಂದಿಯಲ್ಲಿ ಹೇಳಿತು.

ಅತ್ತೆ ಮುಖವೆತ್ತಿ ಮೆಟ್ಟಿಲ ಕಡೆ ನೋಡಿದರು. "ಈಗ ನೋಡವ್ವಾ," ಎಂದರು ನನಗೆ, "ಎಷ್ಟ್ ಛಲೋ ಬೆಳಕ ಬಿದ್ದದ. ಮ್ಯಾಲಿನ ತನಾ ಎಲ್ಲಾ ಕಾಣಾಕತ್ತದ."

ಮೆಟ್ಟಿಲು ಬಾವಿಯಂತೆ ಕಪ್ಪಗಿತ್ತು. ಹೋಲ್ಡರಿನಲ್ಲಿ ಬಲ್ಬೇ ಇರಲಿಲ್ಲ.

ಮಿಸ್ತ್ರಿ ಕೈಯಲ್ಲಿ ಬಲ್ಬು ಹಿಡಿದುಕೊಂಡು ನನ್ನ ಗಂಡನನ್ನು ನೋಡಿದರು. ಗಂಡ ತಮ್ಮ ತಾಯಿಯ ಮುಖವನ್ನೇ ನೋಡುತ್ತಿದ್ದರು. ನಮ್ಮ ಮೌನದಿಂದಲೇ ಅತ್ತೆಗೆ ಗೊತ್ತಾಯಿತು. ನಗುತ್ತಿದ್ದ ಮುಖ ಹಾಗೇ ನಿಂತು, ನಿಧಾನವಾಗಿ ಇಳಿಯಿತು.

"ಬಲ್ಬ್ ಹಾಕಿಲ್ರಿ ಅತ್ತಿ," ಎಂದೆ.

ಅವರು ಗೋಡೆಗೆ ಕೈಯಿಟ್ಟು ನನ್ನ ಕಡೆ ತಿರುಗಿದರು. ಆಮೇಲೆ ಹೇಳಿದರು: "ಅವತ್ತ ನಿನ್ನ ಬೀಳಿಸಿದಾಕಿ ನಾನೇ. ನೀ ಇಳಿಯೋದು ಕೇಳಿಸ್ತು, ಕತ್ತಲಾಗಿರಬೇಕು ಅಂತ ಒತ್ತಿದೆ. ಹತ್ತಿದ್ದ ದೀಪಾನೇ ಆರಿಸಿಬಿಟ್ಟೆ."

ಅವರ ಕಣ್ಣು ಅಂಚಿನಿಂದ ಮಂಜಾಗುತ್ತ ಬಂದು ವರ್ಷಗಳೇ ಆಗಿದ್ದವು. ಈಗ ಉಳಿದಿದ್ದು ಹಗಲಿನ ಬೆಳ್ಳಗಿನ ಒಂದು ಚೂರು ಮಾತ್ರ. ಒಂದೇ ಸೂರಿನಡಿ ಉಂಡು ಮಲಗಿದ ನಮಗೆ ಗೊತ್ತೇ ಇರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಗಂಡ ಅಳುತ್ತ ಕೇಳಿದರು. "ಹೇಳಿದ್ರ ನನ್ನ ಒಂದ್ ಮೂಲ್ಯಾಗ ಕುಂದರಸ್ತಿದ್ರಿ," ಎಂದರು. "ನನಗ ಮನಿ ತುಂಬ ಓಡಾಡೋದಿತ್ತು."

ಮರುದಿನವೇ ಕಲಬುರಗಿಯ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆವು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆ, ಹೋದದ್ದು ಮರಳುವುದಿಲ್ಲ ಎಂದರು ಡಾಕ್ಟರು. ಅತ್ತೆ ಅದನ್ನು ಕೇಳಿ ಅಲುಗಲಿಲ್ಲ. ಡಾಕ್ಟರು ಅಷ್ಟಕ್ಕೇ ನಿಲ್ಲಿಸದೆ, ಇದು ರಕ್ತಸಂಬಂಧಿಗಳಲ್ಲಿ ಇಳಿದು ಬರಬಹುದು ಎಂದು ಮಗನನ್ನೂ ಅದೇ ಯಂತ್ರದ ಮುಂದೆ ಕೂರಿಸಿದರು. ನನ್ನ ಗಂಡನ ಎರಡೂ ಕಣ್ಣಲ್ಲಿ ಅದೇ ರೋಗ ಶುರುವಾಗಿತ್ತು. ಸೇಡಂನ ಕಾಲೇಜಿಗೆ ದಿನಾ ಬೈಕಿನಲ್ಲಿ ಹೋಗಿಬರುವ ಅವರಿಗೆ ಏನೂ ಅನ್ನಿಸಿರಲಿಲ್ಲ. ಈಗಲೇ ಬಂದಿದ್ದೀರಿ, ಔಷಧ ತಪ್ಪಿಸದಿದ್ದರೆ ದೃಷ್ಟಿ ಕಾಪಾಡಬಹುದು ಎಂದರು ಡಾಕ್ಟರು.

ಅತ್ತೆ ಅತ್ತದ್ದು ಆಗ. ಆಸ್ಪತ್ರೆಯ ಬೆಂಚಿನ ಮೇಲೆ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ರೆಪ್ಪೆಗಳ ಮೇಲೆ ಬೆರಳಾಡಿಸುತ್ತ, "ನಾ ಬಾಯಿ ಮುಚ್ಚಿಕೊಂಡು ನಿನ್ನ ಕಣ್ಣೂ ಕಳೀತಿದ್ನಲ್ಲೋ," ಎಂದರು.

ಅಂದಿನಿಂದ ಅವರು ಬೇರೆಯೇ ಹೆಂಗಸಾದರು. ಮುಚ್ಚಿಟ್ಟಿದ್ದನ್ನು ಬಂದವರಿಗೆಲ್ಲ ತಾವೇ ಹೇಳತೊಡಗಿದರು. ತವರಾದ ಸನ್ನತಿಗೆ, ಚಿಂಚೋಳಿಯ ತಂಗಿಗೆ, ನೆಂಟರಿಗೆಲ್ಲ ನನ್ನಿಂದ ಫೋನ್ ಹಚ್ಚಿಸಿ, ಕಣ್ಣು ತೋರಿಸಿಕೊಂಡಿರಾ ಎಂದು ಬಯ್ದು ಬಯ್ದು ಕೇಳಿದರು. ತೋರಿಸಿಕೊಳ್ಳುವ ತನಕ ಬಿಡುತ್ತಿರಲಿಲ್ಲ. ಮನೆ ತುಂಬ ಓಡಾಡುವುದನ್ನೂ ಬಿಡಲಿಲ್ಲ. ನಾವು ಯಾರೂ ಅವರನ್ನು ಮೂಲೆಯಲ್ಲಿ ಕೂರಿಸಲಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ನಾನು ಪೇಪರ್ ಓದುತ್ತಿರುವಾಗಲೇ ಅವರು ಹೋಗಿಬಿಟ್ಟರು. ನಾನು ಒಂದು ಪದ ತಪ್ಪಿ ಓದಿದೆ, ತಿದ್ದಲಿಲ್ಲವಲ್ಲ ಎಂದು ತಲೆಯೆತ್ತಿ ನೋಡಿದೆ.

ಸನ್ನತಿಯಿಂದ ಅವರ ತಮ್ಮ ಬಂದರು. ಎಲ್ಲ ಮುಗಿದ ಮೇಲೆ ಪಡಸಾಲೆಯಲ್ಲಿ ಕುಳಿತವರು ಅಂಗಿಯ ಕಿಸೆಯಿಂದ ಕಣ್ಣಿನ ಔಷಧದ ಸಣ್ಣ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟರು. ತಮ್ಮ ಕೈ ನಡುಗುತ್ತಿದೆ, ಹೊತ್ತಾಯಿತು, ಹಾಕಿಬಿಡು ಎಂದರು. ಅಕ್ಕ ಬೆನ್ನು ಹತ್ತಿ ಬಯ್ಯದಿದ್ದರೆ ತಾನು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲ ಎಂದರು. ಅವರ ತಲೆ ಹಿಂದಕ್ಕೆ ಬಾಗಿಸಿ ಒಂದು ಹನಿ ಬಿಟ್ಟೆ. ನಿಲ್ಲಲಿಲ್ಲ, ಕಣ್ಣೀರಿನ ಜೊತೆ ಕೆನ್ನೆಗೆ ಇಳಿಯಿತು.

"ಅಳಬ್ಯಾಡ್ರಿ ಮಾಮಾ," ಎಂದೆ. "ಔಷಧ ಹರದು ಹೋಗ್ತದ."

ಸೆರಗಿನಿಂದ ಅವರ ಕಣ್ಣೊರೆಸಿ, ಇನ್ನೊಂದು ಹನಿ ಹಾಕಿದೆ.